ತಪ್ಪು ನನ್ನ ಕೈದಾ, ಕಾಗದದ್ದಾ? ವಾಟರ್‌ಕಲರ್ ಡಬ್ಬಿಯ ಹಿಂದಿನ ಚರಿತ್ರೆ

🎨 ಭಾಗ 1 / 10

ಎಂಟನೇ ಕ್ಲಾಸಲ್ಲಿ ನಾನು ಒಂದು ಆಕಾಶ ಬರೆಯೋಕೆ ಹೋಗಿದ್ದೆ. ಮರ ಇಲ್ಲ, ಮನೆ ಇಲ್ಲ, ಬರೀ ಆಕಾಶ. ಡ್ರಾಯಿಂಗ್ ಶೀಟ್ ಮೇಲೆ ನೀಲಿ ಹಚ್ಚಿದೆ, ಪಟ್ಟೆ ಪಟ್ಟೆ ಬಂತು. ಸರಿ ಮಾಡೋಣ ಅಂತ ಇನ್ನೊಂದು ಸಲ ಬ್ರಷ್ ಆಡಿಸಿದೆ. ಕಾಗದ ಎದ್ದು ಸಣ್ಣ ಸಣ್ಣ ಉಂಡೆ ಆಯ್ತು. ಮೂರನೇ ಸಲ ಆಡಿಸಿದಾಗ ನಡುವೆ ತೂತು.

‘ನಿನ್ನ ಕೈ ವಾಟರ್‌ಕಲರ್‌ಗೆ ಆಗಲ್ಲ ಬಿಡು’ ಅಂದರು. ನಾನೂ ನಂಬಿದೆ. ನಾಲ್ಕು ವರ್ಷ ಬ್ರಷ್ ಮುಟ್ಟಲಿಲ್ಲ.

ಈಗ ಮತ್ತೆ ಮೊದಲಿಂದ ಕಲೀತಾ ಇದ್ದೀನಿ. ಈ ಸಲ ಒಂದು ಬೇರೆ ಕೆಲಸ ಮಾಡಿದೆ. ಡಬ್ಬಿಯಲ್ಲಿರೋ ಒಂದೊಂದು ವಸ್ತುವಿನ ಚರಿತ್ರೆ ಓದಿದೆ. ಬಣ್ಣದ ಬಿಲ್ಲೆ ಯಾಕೆ ಬಂತು? ಕಾಗದ ಯಾಕೆ ದಪ್ಪ? ‘ಮೊದಲು ವಾಶ್ ಕಲಿ’ ಅಂತ ಎಲ್ಲರೂ ಯಾಕೆ ಹೇಳ್ತಾರೆ? ಓದ್ತಾ ಓದ್ತಾ ಗೊತ್ತಾಯ್ತು: ನಮ್ಮನ್ನು ಹೆದರಿಸೋ ನಿಯಮಗಳಲ್ಲಿ ಬಹಳಷ್ಟು, ಹಿಂದೆ ಯಾರೋ ಒಬ್ಬರಿಗೆ ಬಂದ ಕಷ್ಟಕ್ಕೆ ಸಿಕ್ಕ ಉತ್ತರಗಳು. ಆ ಕಷ್ಟ ಏನಂತ ತಿಳಿದ್ರೆ ನಿಯಮ ತಾನಾಗೇ ಅರ್ಥ ಆಗುತ್ತೆ.

‘ನಂಗೆ ಕೈ ಇಲ್ಲ’ ಅಂತ ಬಿಟ್ಟವರು ನಿಮ್ಮಲ್ಲೂ ಇದ್ದೀರಿ ಅಂತ ಗೊತ್ತು. ಈ ಹತ್ತು ಭಾಗ ನಿಮಗೇ. ಸ್ವೈಪ್ ಮಾಡ್ತಾ ಬನ್ನಿ 👉

🎨 ಭಾಗ 2 / 10: ಇದರಲ್ಲಿ ಇರೋದೇನು?

ಜಲವರ್ಣ ಅಂದ್ರೆ ಮೂರೇ ವಸ್ತು. ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಕಾಗದಕ್ಕೆ ಹಿಡಿಸೋ ಗೋಂದು, ಎರಡನ್ನೂ ಹರಿಸೋಕೆ ನೀರು. ಗೋಂದು ಬರೋದು ಅಕೇಶಿಯಾ ಜಾತಿಯ ಮರದಿಂದ, ನಮ್ಮ ಜಾಲಿಯ ನೆಂಟ ಅಂದ್ಕೊಳ್ಳಿ. ನೀರು ಆರಿಹೋಗುತ್ತೆ, ಗೋಂದು ಉಳಿದು ಪುಡಿಯನ್ನು ಹಿಡ್ಕೊಳ್ಳುತ್ತೆ. ಗೋಂದು ಮತ್ತೆ ನೀರಲ್ಲಿ ಕರಗೋ ವಸ್ತು, ಅದಕ್ಕೇ ಒಣಗಿದ ಬಣ್ಣವನ್ನೂ ಒದ್ದೆ ಬ್ರಷ್‌ನಿಂದ ಸ್ವಲ್ಪ ಎಬ್ಬಿಸಬಹುದು.

ಹಾಗೆ ನೋಡಿದ್ರೆ ಇದು ನಮಗೆ ಹೊಸದೇನಲ್ಲ. ಮೈಸೂರು ಶೈಲಿಯ ಚಿತ್ರಗಾರರು ಖನಿಜದ ಮತ್ತು ಗಿಡಮೂಲದ ಬಣ್ಣಗಳನ್ನು ಅಂಟಿನಲ್ಲಿ ಕಲಸಿ, ಅಳಿಲಿನ ಕೂದಲಿನ ಕುಂಚದಲ್ಲಿ ಬರೀತಿದ್ರು. ಆದ್ರೆ ಆ ಬಣ್ಣ ಗಟ್ಟಿ, ಕೆಳಗಿನದನ್ನು ಮುಚ್ಚುತ್ತೆ. ನಾವೀಗ ‘ವಾಟರ್‌ಕಲರ್’ ಅನ್ನೋದು ತೆಳು. ಬೆಳಕು ಬಣ್ಣದ ಪದರ ದಾಟಿ ಕಾಗದಕ್ಕೆ ಬಡಿದು ವಾಪಸ್ ಬರುತ್ತೆ. ಹೊಳೆಯೋದು ಕಾಗದ, ಬಣ್ಣ ಅದರ ಮೇಲಿನ ಗಾಜಿನ ಹಾಗೆ.

ಯುರೋಪಿನಲ್ಲಿ ಇದನ್ನು ಅದ್ಭುತವಾಗಿ ಬಳಸಿದ ಹಳಬರಲ್ಲಿ ಒಬ್ಬ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್. 1502ರಲ್ಲಿ ಅವನು ಬರೆದ ಮೊಲದ ಚಿತ್ರ ನೀವು ಎಲ್ಲಾದ್ರೂ ನೋಡಿರ್ತೀರಿ. ಮೊದಲು ತೆಳು ಬಣ್ಣ ಹರಡಿ, ಆಮೇಲೆ ಗಟ್ಟಿ ಬಣ್ಣದಲ್ಲಿ ಒಂದೊಂದೇ ರೋಮ ಬಿಡಿಸಿದ್ದಾನೆ. ಅದು ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಬೆಳಕು ಬಿದ್ರೆ ಹಾಳಾಗುತ್ತೆ ಅಂತ ಹೆಚ್ಚು ಕಾಲ ಕತ್ತಲಲ್ಲೇ ಇಟ್ಟು, ಅಪರೂಪಕ್ಕೆ ಹೊರಗೆ ತೆಗೀತಾರೆ. ಬೆಳಕಿನ ಈ ವಿಷಯ ನೆನಪಿಡಿ, 8ನೇ ಭಾಗದಲ್ಲಿ ಬೇಕಾಗುತ್ತೆ.

🎨 ಭಾಗ 3 / 10: ಕಾಗದಕ್ಕೆ ಗಂಜಿ

ಈಗ ನನ್ನ ತೂತುಬಿದ್ದ ಆಕಾಶಕ್ಕೆ ಬರೋಣ.

ಹತ್ತಿ ಸೀರೆಗೆ ಅಜ್ಜಿ ಗಂಜಿ ಹಾಕೋದು ನೋಡಿದ್ದೀರಲ್ವಾ? ಕಾಗದಕ್ಕೂ ಹಾಗೇ ಒಂದು ಅಂಟಿನ ಲೇಪ ಬೇಕು. ಇಲ್ಲದಿದ್ರೆ ಅದು ಬ್ಲಾಟಿಂಗ್ ಪೇಪರ್ ಥರ ಬಣ್ಣ ಹೀರಿಬಿಡುತ್ತೆ. ಬಣ್ಣ ಮೇಲೆ ಹರಿಯೋಕೆ ಸಮಯವೇ ಸಿಗಲ್ಲ, ಪಟ್ಟೆ ಬೀಳುತ್ತೆ.

18ನೇ ಶತಮಾನದಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟೋನ್ ಹತ್ತಿರ ಜೇಮ್ಸ್ ವಾಟ್‌ಮನ್ ಅಂತ ಒಬ್ಬ ಕಾಗದ ತಯಾರಕ ಇದ್ದ. ಆಗಿನ ಕಾಗದದಲ್ಲಿ ಅಚ್ಚಿನ ತಂತಿಗಳ ಗೆರೆ ಮೂಡಿರ್ತಿತ್ತು. ತೆಳು ಬಣ್ಣ ಹರಡಿದ್ರೆ ಆ ಗೆರೆಗಳಲ್ಲಿ ನಿಂತುಬಿಡೋದು. ವಾಟ್‌ಮನ್ ಬಟ್ಟೆ ಥರ ನೇಯ್ದ ತಂತಿಜಾಲದ ಅಚ್ಚು ಬಳಸಿ ಗೆರೆ ಕಾಣದ ಕಾಗದ ಮಾಡಿದ. 1757ರಲ್ಲಿ ಜಾನ್ ಬಾಸ್ಕರ್‌ವಿಲ್ ಅಚ್ಚುಹಾಕಿದ ವರ್ಜಿಲ್ ಪುಸ್ತಕದಲ್ಲಿ ಅಂಥ ಕಾಗದ ಬಳಕೆಯಾಯ್ತು. ಮುಂದೆ ವಾಟ್‌ಮನ್ ಕಾರ್ಖಾನೆಯ ಕಾಗದ ಚಿತ್ರಕಾರರ ಅಚ್ಚುಮೆಚ್ಚು ಆಯ್ತು. ಹಳೆ ಬಟ್ಟೆಯ ನಾರಿನ ಕಾಗದ, ಮೇಲೆ ಪ್ರಾಣಿಜನ್ಯ ಜೆಲಟಿನ್ ಲೇಪ. ಒದ್ದೆ ಮಾಡಿ, ಒರೆಸಿ, ಕೆರೆದರೂ ತಡ್ಕೊಳ್ಳೋದು. ಟರ್ನರ್ ಅಂಥವರೂ ಅದನ್ನು ಬಳಸಿದ್ರು.

ನನ್ನ ಶೀಟು ತೆಳ್ಳಗಿನ ಮರದ ತಿರುಳಿನದು, ಪೆನ್ಸಿಲ್‌ಗೆ ಮಾಡಿದ್ದು. ಅದರಲ್ಲಿ ಟರ್ನರ್‌ಗೂ ಆಕಾಶ ಬರ್ತಿರಲಿಲ್ಲ!

📌 ನಿಮಗೆ ಬೇಕಾದದ್ದು: 300 ಜಿಎಸ್‌ಎಂ ದಪ್ಪದ ವಾಟರ್‌ಕಲರ್ ಕಾಗದ, ‘ಕೋಲ್ಡ್ ಪ್ರೆಸ್’ ಅಂತ ಬರೆದಿರೋದು (ಸ್ವಲ್ಪ ತರಿ ಇರುತ್ತೆ). ನೂರಕ್ಕೆ ನೂರು ಕಾಟನ್ ಆದ್ರೆ ಬಹಳ ಒಳ್ಳೇದು, ಆದ್ರೆ ದುಬಾರಿ. ಒಂದು ದೊಡ್ಡ ಹಾಳೆ ತಂದು ಎಂಟು ತುಂಡು ಮಾಡ್ಕೊಳ್ಳಿ. ಎರಡೂ ಬದಿ ಬಳಸಿ.

🎨 ಭಾಗ 4 / 10: ಬಿಲ್ಲೆ, ಪ್ಯಾನ್, ಟ್ಯೂಬ್

ಹಿಂದೆ ಚಿತ್ರಕಾರನೇ ಪುಡಿ ತಂದು, ಕಲ್ಲಿನ ಮೇಲೆ ಅರೆದು, ಗೋಂದಿನಲ್ಲಿ ಕಲಸ್ಕೋಬೇಕಿತ್ತು. ಚಟ್ನಿ ಅರೆದ ಹಾಗೆ, ದಿನಾ. ಹೊರಗೆ ಹೋಗಿ ಬರೆಯೋದು ಹೇಗೆ?

ಲಂಡನ್‌ನ ರೀವ್ಸ್ ಅಣ್ಣತಮ್ಮಂದಿರು ಬಣ್ಣವನ್ನು ಒಣಗಿದ ಗಟ್ಟಿ ಬಿಲ್ಲೆ ಮಾಡಿ ಮಾರೋಕೆ ಶುರು ಮಾಡಿದ್ರು. 1781ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಇದಕ್ಕೆ ಬೆಳ್ಳಿ ಪ್ಯಾಲೆಟ್ ಬಹುಮಾನ ಕೊಡ್ತು. ಆ ಬಿಲ್ಲೆಯನ್ನು ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ ತೇಯಬೇಕಿತ್ತು, ಗಂಧ ತೇಯ್ದ ಹಾಗೆ. ಕಷ್ಟವೇ, ಆದ್ರೂ ಬಣ್ಣ ಮೊದಲ ಸಲ ಜೇಬಿಗೆ ಬಂತು.

1832ರಲ್ಲಿ ವಿಲಿಯಂ ವಿನ್ಸರ್ ಮತ್ತು ಹೆನ್ರಿ ನ್ಯೂಟನ್ ಲಂಡನ್‌ನಲ್ಲಿ ಅಂಗಡಿ ಇಟ್ರು. 1835ರಲ್ಲಿ ಅವರು ಬಣ್ಣಕ್ಕೆ ಗ್ಲಿಸರಿನ್ ಸೇರಿಸಿ ಮೆತ್ತಗಿನ ಪ್ಯಾನ್ ತಂದ್ರು. ಗ್ಲಿಸರಿನ್ ತೇವ ಹಿಡಿದಿಡುತ್ತೆ, ಹಾಗಾಗಿ ಒದ್ದೆ ಬ್ರಷ್ ಮುಟ್ಟಿಸಿದ್ರೆ ಸಾಕು, ಬಣ್ಣ ಎದ್ದು ಬರುತ್ತೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನೋ ಅಮೆರಿಕನ್ ಚಿತ್ರಕಾರ ಮಡಚಬಹುದಾದ ಲೋಹದ ಟ್ಯೂಬಿಗೆ ಪೇಟೆಂಟ್ ತಗೊಂಡ. 1846ರ ಹೊತ್ತಿಗೆ ಜಲವರ್ಣವೂ ಟ್ಯೂಬಿಗೆ ಬಂತು. (ಹೌದು, ನಮ್ಮ ಟೂತ್‌ಪೇಸ್ಟ್ ಟ್ಯೂಬಿಗಿಂತ ಮೊದಲೇ ಚಿತ್ರಕಾರರ ಟ್ಯೂಬ್ ಇತ್ತು 😄)

📌 ಪ್ಯಾನ್ ಒಳ್ಳೇದಾ, ಟ್ಯೂಬ್ ಒಳ್ಳೇದಾ ಅಂತ ದಿನಾ ಕೇಳ್ತೀರಿ. ಎರಡರಲ್ಲೂ ಇರೋದು ಅದೇ ಬಣ್ಣ, ಅದೇ ಗೋಂದು. ಬಸ್ ಸ್ಟಾಪಲ್ಲಿ ಕೂತು ಬರೀತೀರಾದ್ರೆ ಪ್ಯಾನ್. ಮನೇಲಿ ದೊಡ್ಡ ಆಕಾಶ ಬರೀತೀರಾದ್ರೆ ಟ್ಯೂಬ್. ಟ್ಯೂಬಿನ ಬಣ್ಣ ಪ್ಯಾಲೆಟ್ಟಲ್ಲಿ ಒಣಗಿದ್ರೆ ತೊಳೆದು ಚೆಲ್ಲಬೇಡಿ, ನಾಳೆ ನೀರು ಮುಟ್ಟಿಸಿ ಬಳಸಿ.

🎨 ಭಾಗ 5 / 10: ಕೋಟೆ ಗೆಲ್ಲೋಕೆ ಬಂದ ಬಣ್ಣ

ಈ ಭಾಗ ಓದಿದಾಗ ನಂಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಜಲವರ್ಣ ಅಂದ್ರೆ ಹವ್ಯಾಸ, ಹೂವು, ಸೂರ್ಯಾಸ್ತ ಅಂದ್ಕೊಂಡಿದ್ದೆ. 18ನೇ ಶತಮಾನದ ಬ್ರಿಟನ್‌ನಲ್ಲಿ ಅದು ಯುದ್ಧದ ಕೌಶಲ ಕೂಡ ಆಗಿತ್ತು. ತೋಪುಖಾನೆಯ ಅಧಿಕಾರಿಗಳನ್ನೂ ಇಂಜಿನಿಯರ್‌ಗಳನ್ನೂ ತಯಾರು ಮಾಡ್ತಿದ್ದ ವೂಲ್‌ವಿಚ್ ಸೈನಿಕ ಅಕಾಡೆಮಿಯಲ್ಲಿ ಚಿತ್ರಕಲೆ ಪಾಠದ ಭಾಗ. 1768ರಲ್ಲಿ ಅಲ್ಲಿ ಮುಖ್ಯ ಡ್ರಾಯಿಂಗ್ ಮೇಷ್ಟ್ರಾಗಿ ಬಂದವನು ಪಾಲ್ ಸ್ಯಾಂಡ್‌ಬಿ, ಇಂಗ್ಲಿಷ್ ಜಲವರ್ಣದ ಮೊದಲ ದೊಡ್ಡ ಹೆಸರುಗಳಲ್ಲಿ ಒಬ್ಬ. ಕ್ಯಾಮೆರಾ ಇಲ್ಲದ ಕಾಲ. ಗುಡ್ಡ ಎಲ್ಲಿದೆ, ಕೋಟೆಗೋಡೆ ಎಷ್ಟೆತ್ತರ, ಹೊಳೆ ಎಲ್ಲಿ ದಾಟಬಹುದು ಅನ್ನೋದನ್ನು ಕೈಯಲ್ಲೇ ಬರೆದು ತರಬೇಕಿತ್ತು. ನಕ್ಷೆಯಲ್ಲಿ ನೀರಿಗೆ ನೀಲಿ, ಕಲ್ಲುಕಟ್ಟಡಕ್ಕೆ ಕೆಂಪು. ಅದನ್ನು ಪಟ್ಟೆ ಬೀಳದ ಹಾಗೆ ಸಮವಾಗಿ ಹಚ್ಚಬೇಕು. ನಾವು ಮೊದಲ ದಿನ ಕಲಿಯೋ ‘ಫ್ಲಾಟ್ ವಾಶ್’ ಅಂಥ ನಕ್ಷೆಗಳಿಗೆ ಬೇಕಾಗಿದ್ದ ಕೈಚಳಕವೇ.

ಆ ಕೈಗಳು ನಮ್ಮೂರಿಗೂ ಬಂದವು. 1790ರಿಂದ 1792ರವರೆಗೆ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆ, ನಂದಿದುರ್ಗ, ಸಾವನದುರ್ಗ ಒಂದೊಂದಾಗಿ ಹಿಡೀತು. ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಬರೆದ ಚಿತ್ರಗಳಲ್ಲಿ ಆಗಿನ ಬೆಂಗಳೂರಿನ ಕೋಟೆ, ಟಿಪ್ಪುವಿನ ಅರಮನೆ ಇವೆ. ಅವನು ತೀರಿಕೊಂಡ ಮೇಲೆ, 1804-05ರ ಹೊತ್ತಿಗೆ, ಅವು ಲಂಡನ್‌ನಲ್ಲಿ ಅಚ್ಚಾದವು.

ಇವತ್ತು ಆ ಕಾಲದ ಬೆಂಗಳೂರು ಹೇಗಿತ್ತು ಅಂತ ನೋಡಬೇಕಂದ್ರೆ ನಾವು ಇಂಥ ಚಿತ್ರಗಳನ್ನೇ ಹುಡುಕಬೇಕು. ಊರು ಗೆದ್ದವರ ಕಣ್ಣಲ್ಲಿ ನಮ್ಮೂರು. ಚಿತ್ರ ಚೆಂದವೇ ಇದೆ, ಸುಳ್ಳು ಹೇಳಲ್ಲ. ಆದ್ರೆ ಬರೆದವನು ಯಾರು, ಎಲ್ಲಿ ನಿಂತು ಬರೆದ ಅಂತ ಕೇಳ್ಕೊಂಡೇ ನೋಡಿ.

📌 ಅಭ್ಯಾಸ: ಹಲಗೆಯನ್ನು ಸ್ವಲ್ಪ ಓರೆ ಮಾಡಿ (ಕೆಳಗೆ ಒಂದು ನೋಟ್‌ಬುಕ್ ಇಟ್ರೆ ಸಾಕು). ಬಣ್ಣವನ್ನು ಮೊದಲೇ ಬೇಕಾದಷ್ಟು ಕಲಸಿಟ್ಕೊಳ್ಳಿ. ಬ್ರಷ್ ತುಂಬಿಸಿ ಎಡದಿಂದ ಬಲಕ್ಕೆ ಒಂದು ಗೆರೆ ಎಳೀರಿ. ಕೆಳ ಅಂಚಲ್ಲಿ ಬಣ್ಣದ ನೀರು ಸಾಲಾಗಿ ನಿಲ್ಲುತ್ತೆ. ಮುಂದಿನ ಗೆರೆ ಆ ಸಾಲನ್ನು ಮುಟ್ಟಿ ಕೆಳಗೆ ಎಳ್ಕೊಂಡು ಬರಲಿ. ಹಿಂದೆ ತಿರುಗಿ ತಿದ್ದಬೇಡಿ!

🎨 ಭಾಗ 6 / 10: ಸಂಜೆ ಆರರಿಂದ ಹತ್ತು

ಟರ್ನರ್ ಹುಟ್ಟು ಪ್ರತಿಭೆ ಅಂತೀವಿ. ಸರಿ, ಆದ್ರೆ ಅವನು ಕಲಿತದ್ದು ಹೇಗೆ ಗೊತ್ತಾ?

1790ರ ದಶಕದಲ್ಲಿ ಲಂಡನ್‌ನ ಡಾಕ್ಟರ್ ಥಾಮಸ್ ಮನ್ರೋ ಮನೆಯಲ್ಲಿ ಸಂಜೆ ಹೊತ್ತು ಹುಡುಗರು ಸೇರಿ ಬೇರೆಯವರ ಚಿತ್ರಗಳನ್ನು ನಕಲು ಮಾಡ್ತಿದ್ರು. ಅವರಲ್ಲಿ ಇಬ್ಬರು ಟರ್ನರ್ ಮತ್ತು ಥಾಮಸ್ ಗರ್ಟಿನ್. ಇಬ್ಬರೂ 1775ರಲ್ಲೇ ಹುಟ್ಟಿದವರು. ಅವರೇ ಆಮೇಲೆ ಜೋಸೆಫ್ ಫ್ಯಾರಿಂಗ್ಟನ್ ಅನ್ನೋ ಚಿತ್ರಕಾರನಿಗೆ ಹೇಳಿದ್ದು ಅವನ ದಿನಚರಿಯಲ್ಲಿದೆ: ಮೂರು ವರ್ಷ ಹೀಗೆ ನಡೀತು, ಆರಕ್ಕೆ ಹೋಗಿ ಹತ್ತರವರೆಗೆ ಇರ್ತಿದ್ವಿ, ಗರ್ಟಿನ್ ಗೆರೆ ಬರೀತಿದ್ದ, ಟರ್ನರ್ ವಾಶ್ ಹಾಕ್ತಿದ್ದ. ಟರ್ನರ್‌ಗೆ ಒಂದು ಸಂಜೆಗೆ ಮೂರೂವರೆ ಶಿಲಿಂಗ್.

ಟ್ಯೂಷನ್ ಥರಾನೇ ಅಲ್ವಾ? ವ್ಯತ್ಯಾಸ ಅಂದ್ರೆ ಅವರಿಗೇ ಕಾಸು ಕೊಡ್ತಿದ್ರು.

ಒಬ್ಬ ಗೆರೆ, ಇನ್ನೊಬ್ಬ ಬಣ್ಣ. ಟರ್ನರ್ ಅನ್ನೋ ಟರ್ನರ್ ಕೂಡ ಸಂಜೆಗಟ್ಟಲೆ ಮತ್ತೊಬ್ಬರ ಚಿತ್ರದ ಮೇಲೆ ಬಣ್ಣ ಹರಡೋದನ್ನೇ ಮಾಡಿದ. ಹಾಗಾಗಿ ‘ನೋಡ್ಕೊಂಡು ಬರೆದ್ರೆ ಅದು ಚಿತ್ರಾನಾ?’ ಅಂತ ಯಾರಾದ್ರೂ ಕೇಳಿದ್ರೆ ಈ ಪೋಸ್ಟ್ ತೋರಿಸಿ. ನಕಲು ಕಲಿಕೆ. ‘ಇಂಥವರ ಚಿತ್ರ ನೋಡಿ ಬರೆದದ್ದು’ ಅಂತ ಕೆಳಗೆ ಬರೆದ್ರೆ ಮರ್ಯಾದೆ. ಬರೆಯದೆ ನಿಮ್ಮ ಹೆಸರು ಹಾಕ್ಕೊಂಡ್ರೆ ಮಾತ್ರ ಕಳ್ಳತನ.

📌 ಅಭ್ಯಾಸ: ಫ್ರೆಂಡ್ ಒಬ್ಬರನ್ನು ಕೂರಿಸ್ಕೊಳ್ಳಿ. ಒಬ್ಬರು ಗೆರೆ, ಒಬ್ಬರು ವಾಶ್. ಮಾರನೇ ದಿನ ಅದಲು ಬದಲು.

🎨 ಭಾಗ 7 / 10: ಬಿಳಿ ಮನೆ

ಗರ್ಟಿನ್ 1802ರಲ್ಲಿ, 27ನೇ ವಯಸ್ಸಿಗೇ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು ಅವನೊಂದು ಚಿತ್ರ ಬರೆದಿದ್ದ: ಚೆಲ್ಸಿಯ ಬಳಿ ಥೇಮ್ಸ್ ನದಿ, ಸಂಜೆಗತ್ತಲು, ದಡದಲ್ಲಿ ಒಂದು ಪುಟ್ಟ ಬಿಳಿ ಮನೆ. ‘ದಿ ವೈಟ್ ಹೌಸ್ ಅಟ್ ಚೆಲ್ಸಿ’ ಅಂತ ಹುಡುಕಿದ್ರೆ ಸಿಗುತ್ತೆ. ಕಣ್ಣು ನೇರ ಆ ಮನೆಗೇ ಹೋಗುತ್ತೆ. ಹತ್ತಿರದಿಂದ ನೋಡಿದ್ರೆ ಆ ಮನೆಗೆ ಬಣ್ಣವೇ ಹಚ್ಚಿಲ್ಲ. ಅದು ಖಾಲಿ ಕಾಗದ. ಸುತ್ತ ಎಲ್ಲ ಹಚ್ಚಿ ಅಷ್ಟನ್ನು ಬಿಟ್ಟಿದ್ದಾನೆ.

ಜಲವರ್ಣದ ದೊಡ್ಡ ಪಾಠ ಇದೇ. ಬೆಳಕನ್ನು ಆಮೇಲೆ ಸೇರಿಸೋಕೆ ಕಷ್ಟ, ಮೊದಲೇ ಉಳಿಸಬೇಕು. ರಂಗೋಲಿಗಿಂತ ಮೊದಲೇ ಚುಕ್ಕಿ ಇಡೋ ಹಾಗೆ, ಬಿಳಿ ಎಲ್ಲಿ ಅನ್ನೋದನ್ನು ಬ್ರಷ್ ಒದ್ದೆ ಮಾಡೋಕೂ ಮುಂಚೆ ತೀರ್ಮಾನ ಮಾಡಿ. ತೆಳುವಿನಿಂದ ಗಾಢಕ್ಕೆ ಹೋಗಿ.

ಇಷ್ಟು ಚೆನ್ನಾಗಿ ಬರೆದವರಿಗೂ ಆಗ ಪೂರ್ತಿ ಮರ್ಯಾದೆ ಇರಲಿಲ್ಲ. ಬರೀ ಜಲವರ್ಣ ಬರೆಯೋರು ಲಂಡನ್‌ನ ರಾಯಲ್ ಅಕಾಡೆಮಿಯ ಸದಸ್ಯರಾಗೋ ಹಾಗಿರಲಿಲ್ಲ. ಪ್ರದರ್ಶನದಲ್ಲಿ ದೊಡ್ಡ ತೈಲಚಿತ್ರಗಳ ಪಕ್ಕ ಇವು ಮಂಕಾಗಿ ಕಾಣ್ತಿದ್ದವು. 1804ರಲ್ಲಿ ಅವರೇ ಸೇರಿ ತಮ್ಮದೊಂದು ಸಂಘ ಕಟ್ಟಿದ್ರು. 1805ರ ಮೊದಲ ಪ್ರದರ್ಶನಕ್ಕೆ ದುಡ್ಡು ಕೊಟ್ಟು ಬಂದವರು 11 ಸಾವಿರಕ್ಕೂ ಹೆಚ್ಚು! ‘ವಾಟರ್‌ಕಲರ್ ಮಕ್ಕಳಿಗೆ, ನಿಜವಾದ ಆರ್ಟಿಸ್ಟ್ ಅಂದ್ರೆ ಆಯಿಲ್’ ಅನ್ನೋ ಮಾತಿಗೆ ಇನ್ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ.

🎨 ಭಾಗ 8 / 10: ಮಾಸೋ ಬಣ್ಣ

ಡ್ಯೂರರನ ಮೊಲ ಕತ್ತಲಲ್ಲಿ ಯಾಕಿದೆ ಅಂತ ಈಗ ಹೇಳ್ತೀನಿ.

1886ರಲ್ಲಿ ರಾಣಿಯ ಚಿತ್ರಸಂಗ್ರಹ ನೋಡ್ಕೋತಿದ್ದ ಜೆ. ಸಿ. ರಾಬಿನ್ಸನ್ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ: ಬೆಳಕಲ್ಲಿ ತೂಗುಹಾಕಿದ ಜಲವರ್ಣಗಳು ಹಾಳಾಗ್ತಿವೆ. ದೊಡ್ಡ ವಿಮರ್ಶಕ ಜಾನ್ ರಸ್ಕಿನ್ ಅವನ ವಿರುದ್ಧ ನಿಂತ. ಜಗಳ ಜೋರಾಯ್ತು. ಕೊನೆಗೆ ಡಾಕ್ಟರ್ ರಸೆಲ್ ಮತ್ತು ಕ್ಯಾಪ್ಟನ್ ಆಬ್ನಿ ಇಬ್ಬರೂ ಪರೀಕ್ಷೆ ಮಾಡಿದ್ರು. ಬಣ್ಣ ಹಚ್ಚಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಯಲ್ಲಿಟ್ಟು, ಒಂದು ಭಾಗ ಮುಚ್ಚಿ, ಒಂದು ಭಾಗ ಬಿಸಿಲಿಗೆ ಬಿಟ್ಟರು. 1888ರಲ್ಲಿ ವರದಿ ಬಂತು. ಕಾರ್ಮೈನ್, ಕ್ರಿಮ್ಸನ್ ಲೇಕ್‌ನಂಥ ಚೆಂದದ ಕೆಂಪುಗಳು ಬೇಗ ಮಾಸಿದ್ದವು. ಗಾಳಿ, ತೇವ ಇಲ್ಲದ ಕೊಳವೆಯಲ್ಲಿ ಬಹಳಷ್ಟು ಬಣ್ಣ ಉಳಿದಿದ್ದವು. ಅಂದ್ರೆ ಬೆಳಕಿನ ಜತೆ ಗಾಳಿ, ತೇವ ಸೇರಿದ್ರೇ ಹೆಚ್ಚು ಅಪಾಯ.

ಹಳೇ ಚಿತ್ರಗಳಲ್ಲಿ ಕೆಲವು ಮೋಡ ವಿಚಿತ್ರ ಕೆಂಪು ಯಾಕೆ ಅಂದ್ರೆ ಇದೇ. ಬೂದು ಬರಲಿ ಅಂತ ನೀಲಿ (ಇಂಡಿಗೋ) ಮತ್ತು ಇಂಡಿಯನ್ ರೆಡ್ ಬೆರೆಸಿದ್ರು. ನೀಲಿ ಮಾಸಿಹೋಯ್ತು, ಕೆಂಪು ಕೂತಿದೆ.

📌 ನೀವೂ ಮಾಡಿ: ನಿಮ್ಮ ಡಬ್ಬಿಯ ಒಂದೊಂದು ಬಣ್ಣದ ಪಟ್ಟಿ ಬರೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ. ಮೂರು ತಿಂಗಳು ಬಿಟ್ಟು ರಟ್ಟು ತೆಗೀರಿ. ಟ್ಯೂಬಿನ ಮೇಲೆ ಪುಡಿಯ ಸಂಕೇತವೂ ಇರುತ್ತೆ. ಪಿಬಿ 29 ಅಂದ್ರೆ ಅಲ್ಟ್ರಾಮರೀನ್ ನೀಲಿ, ಬೆಳಕಿಗೆ ತಡ್ಕೊಳ್ಳುತ್ತೆ. ಪಿಆರ್ 83 ಅಂದ್ರೆ ಅಲಿಜರಿನ್ ಕೆಂಪು, ಮಾಸುತ್ತೆ. ಅಮ್ಮನಿಗೆ ಫ್ರೇಮ್ ಹಾಕಿಸಿ ಕೊಡೋ ಚಿತ್ರಕ್ಕೆ ಇದನ್ನು ನೋಡಿಯೇ ಬಣ್ಣ ಆರಿಸಿ.

🎨 ಭಾಗ 9 / 10: ಮೈಸೂರಿನ ಹುಡುಗ, ಕಲ್ಕತ್ತೆಯ ವಾಶ್

ಗೆದ್ದವರ ಕಣ್ಣಲ್ಲಿ ನಮ್ಮೂರು ಅಂತ 5ನೇ ಭಾಗದಲ್ಲಿ ಹೇಳಿದ್ದೆ. ಆ ಕಥೆ ಅಲ್ಲಿಗೇ ಮುಗೀಲಿಲ್ಲ.

1903ರಲ್ಲಿ ಯೊಕೊಯಾಮಾ ತೈಕಾನ್, ಹಿಶಿದಾ ಶುನ್‌ಸೋ ಎಂಬ ಇಬ್ಬರು ಜಪಾನಿ ಚಿತ್ರಕಾರರು ಕಲ್ಕತ್ತೆಗೆ ಬಂದ್ರು. ಅವರು ನೀರು ಬಳಸೋ ರೀತಿ ನೋಡಿ ಅವನೀಂದ್ರನಾಥ ಠಾಕೂರರು ತಮ್ಮದೇ ಒಂದು ವಿಧಾನ ಮಾಡ್ಕೊಂಡ್ರು. ಬಣ್ಣ ಹಚ್ಚೋದು, ಒಣಗಿಸೋದು, ಇಡೀ ಕಾಗದವನ್ನು ನೀರಲ್ಲಿ ಅದ್ದೋದು, ಮತ್ತೆ ಹಚ್ಚೋದು. ಹೀಗೆ ಹಲವು ಸಲ. ಚಿತ್ರದ ಮೇಲೆ ಮಂಜು ಕವಿದ ಹಾಗೆ ಮೃದುವಾಗುತ್ತೆ. ಇಂಗ್ಲಿಷರ ‘ವಾಶ್’ ಬೇರೆ, ಬಂಗಾಳದ ‘ವಾಶ್’ ಬೇರೆ. ಯೂಟ್ಯೂಬ್ ನೋಡುವಾಗ ಗೊಂದಲ ಮಾಡ್ಕೋಬೇಡಿ.

ಆ ಅವನೀಂದ್ರನಾಥರ ಹತ್ತಿರ ಕಲಿಯೋಕೆ ಹೋದವರಲ್ಲಿ ಒಬ್ಬರು ನಮ್ಮ ಕೆ. ವೆಂಕಟಪ್ಪ. 1886ರಲ್ಲಿ ಹುಟ್ಟಿದವರು, ಮೈಸೂರಿನ ಚಿತ್ರಗಾರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋದ್ರು. ವಾಪಸ್ ಬಂದ ಮೇಲೆ ಊಟಿ, ಕೊಡೈಕನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದ್ರು. ಮಂಜು, ಮರ, ಕೆರೆ. ಅಲ್ಲಿ ಕೋಟೆ ಅಳೆಯೋ ಕಣ್ಣಿಲ್ಲ, ಯಾವ ದಂಡಿಗೂ ವರದಿ ಕೊಡಬೇಕಿಲ್ಲ. ಸುಮ್ಮನೆ ಕೂತು ನೋಡಿದ ಬೆಟ್ಟ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರಿನದೇ. ತೆರೆದಿದೆಯಾ ಅಂತ ಮೊದಲೇ ಕೇಳ್ಕೊಂಡು ಹೋಗಿ. ಪರದೆ ಮೇಲೆ ನೋಡೋದಕ್ಕೂ ಕಾಗದದ ತರಿ ಕಾಣೋ ಹಾಗೆ ಎದುರು ನಿಂತು ನೋಡೋದಕ್ಕೂ ಬಹಳ ವ್ಯತ್ಯಾಸ ಇದೆ.

🎨 ಭಾಗ 10 / 10: ಈಗ ನಿಮ್ಮ ಸರದಿ

ಹೊಸದಾಗಿ ಶುರು ಮಾಡೋಕೆ ಇಷ್ಟು ಸಾಕು:

✔️ ಬಣ್ಣ: ಮೂರೇ. ಒಂದು ಹಳದಿ, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ. ಬೇಕಿದ್ರೆ ನಾಲ್ಕನೆಯದು ಬರ್ನ್ಟ್ ಸಿಯನಾ. ನೀಲಿಗೆ ಅದನ್ನು ಬೆರೆಸಿದ್ರೆ ಒಳ್ಳೆ ಬೂದು ಬರುತ್ತೆ, ಕಪ್ಪು ಕೊಳ್ಳೋದೇ ಬೇಡ. 36 ಬಣ್ಣದ ಸೆಟ್ ನೋಡಿ ಆಸೆ ಪಡಬೇಡಿ.
✔️ ಬ್ರಷ್: ದುಂಡನೆಯದು, 8ನೇ ನಂಬರ್, ತುದಿ ಚೂಪಾಗಿ ನಿಲ್ಲೋದು. ಸಿಂಥೆಟಿಕ್ ಸಾಕು.
✔️ ಕಾಗದ: 300 ಜಿಎಸ್‌ಎಂ. ದುಡ್ಡು ಕಮ್ಮಿ ಇದ್ರೆ ಬಣ್ಣದಲ್ಲಿ ಉಳಿಸಿ, ಇಲ್ಲಿ ಉಳಿಸಬೇಡಿ.
✔️ ಎರಡು ಲೋಟ ನೀರು: ಒಂದು ತೊಳೆಯೋಕೆ, ಒಂದು ಕಲಸೋಕೆ.
✔️ ಪ್ಯಾಲೆಟ್: ಮನೆಯ ಹಳೇ ಬಿಳಿ ಪಿಂಗಾಣಿ ತಟ್ಟೆ. ಜತೆಗೊಂದು ಹಳೇ ಹತ್ತಿ ಬಟ್ಟೆ.

ಮೊದಲ ವಾರ ನಾಲ್ಕೇ ಕೆಲಸ. ಸಮವಾದ ವಾಶ್. ಮೇಲೆ ಗಾಢ, ಕೆಳಗೆ ತೆಳು ಆಗೋ ವಾಶ್ (ಪ್ರತಿ ಗೆರೆಗೂ ಸ್ವಲ್ಪ ನೀರು ಹೆಚ್ಚಿಸಿ). ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ, ಅದು ತಾನೇ ಹರಡೋದನ್ನು ಸುಮ್ಮನೆ ನೋಡಿ. ಪೂರ್ತಿ ಒಣಗಿದ ಬಣ್ಣದ ಮೇಲೆ ಇನ್ನೊಂದು ತೆಳು ಪದರ. ‘ಪೂರ್ತಿ ಒಣಗಿದೆ’ ಅಂದ್ರೆ ಕೈಬೆರಳ ಹಿಂಭಾಗ ಮುಟ್ಟಿಸಿದಾಗ ತಣ್ಣಗೆ ಇರಬಾರದು. ಇವು ಬಂದ್ರೆ ಉಳಿದದ್ದು ಇವುಗಳ ಜೋಡಣೆ.

ಕೊನೆಗೆ ಒಂದು ಪರೀಕ್ಷೆ. ನಾನು ಹೋದ ತಿಂಗಳು ಮಾಡಿದೆ. ಎಂಟನೇ ಕ್ಲಾಸಿನ ಥರದ್ದೇ ಡ್ರಾಯಿಂಗ್ ಶೀಟ್ ಒಂದು, ಒಳ್ಳೆ ಕಾಗದ ಒಂದು, ಪಕ್ಕಪಕ್ಕ ಇಟ್ಟೆ. ಅದೇ ನೀಲಿ, ಅದೇ ಬ್ರಷ್, ಅದೇ ಕೈ. ಎರಡು ಆಕಾಶ ಬರೆದೆ. ಶೀಟಿನದು ಇವತ್ತೂ ಪಟ್ಟೆ ಪಟ್ಟೆ, ಎರಡನೇ ಸಲಕ್ಕೆ ಉಂಡೆ ಎದ್ದಿತು. ಇನ್ನೊಂದು ಮೊದಲನೇ ಚಿತ್ರದಲ್ಲಿದೆ, ಹಿಂದಕ್ಕೆ ಸ್ವೈಪ್ ಮಾಡಿ ನೋಡಿ. ಅಂಥಾ ಮಹಾ ಆಕಾಶ ಏನಲ್ಲ. ಬಲಗಡೆ ಮೂಲೆಯಲ್ಲಿ ಒಂದು ಕಲೆ ಇದೆ, ಅದು ನನ್ನ ಕೈದೇ, ಅವಸರ ಮಾಡಿದೆ. ಅದನ್ನು ಒಪ್ಕೊಳ್ತೀನಿ. ಯಾವುದು ಕಾಗದದ ತಪ್ಪು, ಯಾವುದು ನನ್ನದು ಅಂತ ಈಗ ಬೇರೆ ಬೇರೆ ಹೇಳಬಲ್ಲೆ. ಆ ನಾಲ್ಕು ವರ್ಷ ಅದು ಗೊತ್ತಿರಲಿಲ್ಲ.

ನೀವೂ ಎರಡು ಆಕಾಶ ಬರೀರಿ. ಹಿಂಬದಿ ತಾರೀಖು, ಕಾಗದದ ಹೆಸರು ಬರೆದಿಡಿ. ನಂಗೆ ಟ್ಯಾಗ್ ಮಾಡಿ, ಹಾಳಾದದ್ದನ್ನೂ ಸೇರಿಸಿ. ನಿಮ್ಮ ಕ್ಲಾಸಲ್ಲಿ ‘ನಂಗೆ ಕೈ ಇಲ್ಲ’ ಅಂತ ಬ್ರಷ್ ಬಿಟ್ಟವರು ಯಾರಾದ್ರೂ ಇದ್ರೆ, ಇದನ್ನು ಅವರಿಗೆ ಕಳಿಸಿ. ಜತೆಗೆ ಒಂದು ತುಂಡು ಒಳ್ಳೆ ಕಾಗದವನ್ನೂ ಕೊಡಿ 💙

#ಜಲವರ್ಣ #ವಾಟರ್‌ಕಲರ್‌ಕಲಿಕೆ #ಡಬ್ಬಿಯಹಿಂದಿನಚರಿತ್ರೆ #ಎರಡುಆಕಾಶ